ಹೆದರಿಕೆ ಬಿಡಿಸುವುದಕ್ಕೂ ಒಂದು ಪಾಠ ಉಂಟು!

ಕಾಸರಗೋಡು: ಪರೀಕ್ಷೆಯ ದಿನ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ. ‘ಅಮ್ಮಾ, ಹೊಟ್ಟೆ ನೋವುಂಟು. ಇವತ್ತು ಶಾಲೆಗೆ ಹೋಗುದಿಲ್ಲ.’ ಡಾಕ್ಟರರಿಗೆ ತೋರಿಸಿದರೆ ಹೊಟ್ಟೆಯಲ್ಲಿ ಏನೂ ಇಲ್ಲ. ‘ಪಾಪ, ಇವತ್ತೊಂದು ದಿನ ಇರ್ಲಿ’ ಎಂದು ಅಮ್ಮ ಸುಮ್ಮನಾಗುತ್ತಾರೆ. ಹತ್ತು ಗಂಟೆಯಾಗುವಾಗ ನೋವು ಮಾಯ. ಮರುದಿನ ಮತ್ತೆ ಅದೇ ರಾಗ.

ಮಗು ಸುಳ್ಳು ಹೇಳುತ್ತಿಲ್ಲ. ನೋವು ನಿಜ, ಅದರ ಬೇರು ಇರುವುದು ಹೆದರಿಕೆಯಲ್ಲಿ. ತಪ್ಪಿಸಿಕೊಂಡ ಕೂಡಲೇ ಸಿಗುವ ನೆಮ್ಮದಿಯೇ ಆ ಹೆದರಿಕೆಗೆ ಗೊಬ್ಬರ. ಹಾಗಾದರೆ ಎಂಥ ಮಾಡುವುದು? ಗದರಿಸಿ ಕಳುಹಿಸುವುದೇ? ಮುದ್ದು ಮಾಡಿ ಕೂರಿಸುವುದೇ? ಎರಡೂ ಅಲ್ಲ ಎನ್ನುತ್ತದೆ ವಿಶ್ವವಿದ್ಯಾನಿಲಯಗಳಲ್ಲಿ ಪಾಠವಾಗಿ ಕಲಿಸುವ ಒಂದು ಚಿಕಿತ್ಸೆ. ಅದರ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚುಟುಕಾಗಿ ಸಿಬಿಟಿ. ಯೋಚನೆ ಮತ್ತು ವರ್ತನೆ ಎರಡನ್ನೂ ಹಿಡಿದುಕೊಂಡು ಮನಸ್ಸಿನ ತೊಂದರೆ ಬಿಡಿಸುವ ಮಾತಿನ ಚಿಕಿತ್ಸೆ ಇದು.

ಬೆಕ್ಕಿನ ಪುಸ್ತಕ

ಇದರ ಒಂದು ತವರು ಅಮೆರಿಕದ ಫಿಲಡೆಲ್ಫಿಯಾ ನಗರ. ಅಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ದೊಡ್ಡವರ ಖಿನ್ನತೆಗೆಂದು ಈ ದಾರಿ ಹುಡುಕಿದರು. ಅದೇ ನಗರದ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಪ್ರಾಧ್ಯಾಪಕ ಫಿಲಿಪ್ ಕೆಂಡಾಲ್ ಮತ್ತು ಸಂಗಡಿಗರು ಮಕ್ಕಳ ಹೆದರಿಕೆಗೆ ತಕ್ಕಂತೆ 16 ಭೇಟಿಗಳ ಪಾಠಕ್ರಮ ರೂಪಿಸಿದರು. ಹೆಸರು ‘ಕೋಪಿಂಗ್ ಕ್ಯಾಟ್’, ಅಂದರೆ ನಿಭಾಯಿಸುವ ಬೆಕ್ಕು. ಮಗುವಿನ ಕೈಗೆ ಬೆಕ್ಕಿನ ಚಿತ್ರಗಳ ಅಭ್ಯಾಸ ಪುಸ್ತಕವೂ ಸಿಗುತ್ತದೆ.

ಮೊದಲ ಅರ್ಧದಲ್ಲಿ ಮಗು ನಾಲ್ಕು ವಿಷಯ ಕಲಿಯುತ್ತದೆ. ಹೆದರಿದಾಗ ಮೈಯಲ್ಲಿ ಏನಾಗುತ್ತದೆ? ಕೆಟ್ಟದ್ದೇ ಆಗುತ್ತದೆಂದು ಮನಸ್ಸು ಎಣಿಸುತ್ತಿದೆಯೇ? ಸಹಾಯಕ್ಕೆ ಬರುವ ಯೋಚನೆ, ಕೆಲಸ ಯಾವುದು? ಮಾಡಿದ ಪ್ರಯತ್ನಕ್ಕೆ ತನಗೆ ತಾನೇ ಕೊಡುವ ಶಹಭಾಸ್‌ಗಿರಿ ಏನು? ಉಳಿದರ್ಧ ಪೂರ್ತಿ ಅಭ್ಯಾಸ. ಮಾತಾಡಲು ಹೆದರುವ ಹುಡುಗಿ ಮೊದಲು ಅಂಗಡಿಯಲ್ಲಿ ಒಂದು ಪೆನ್ನಿನ ಬೆಲೆ ಕೇಳಬಹುದು, ಮತ್ತೆ ನಾಲ್ಕು ಜನರೆದುರು ಒಂದು ಪುಟ ಓದಬಹುದು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದೇ ಗುಟ್ಟು.

ಕಲಿಸುವವರಿಗೂ ಕಷ್ಟ

ಟೆಂಪಲ್‌ನ ಚಿಕಿತ್ಸಾಲಯದಲ್ಲಿ ಮಕ್ಕಳೊಂದಿಗೆ ಕೂರುವವರು ಬಹುತೇಕ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಓದುತ್ತಿರುವ ವಿದ್ಯಾರ್ಥಿಗಳು. ಹಿರಿಯರ ಮೇಲ್ವಿಚಾರಣೆಯಲ್ಲಿ ಅವರ ಕೆಲಸ.

ಈ ವಿದ್ಯಾರ್ಥಿಗಳು ಕಲಿಯಬೇಕಾದ ಕಷ್ಟದ ಪಾಠವೆಂದರೆ, ಮಗು ಅಳುಮೋರೆ ಹಾಕಿದ ಕೂಡಲೇ ‘ಸಾಕು ಬಿಡು’ ಎನ್ನದಿರುವುದು. ಎದೆ ಡವಡವ ಎನ್ನುತ್ತಿದ್ದರೂ ಮಗು ಅಲ್ಲೇ ಸ್ವಲ್ಪ ಹೊತ್ತು ನಿಂತರೆ, ಎಣಿಸಿದಷ್ಟು ಕೆಟ್ಟದ್ದು ಆಗುವುದಿಲ್ಲ ಎಂದು ಅದಕ್ಕೇ ಗೊತ್ತಾಗುತ್ತದೆ. ಅಷ್ಟರವರೆಗೆ ದೊಡ್ಡವರು ಕಾಯಬೇಕು.

ಇನ್ನೊಂದು ಪಾಠ, ಧೈರ್ಯವಂತನ ವೇಷ ಹಾಕಬಾರದು. ‘ನಂಗೂ ಹೆದರಿಕೆ ಆಗ್ತದೆ, ಆಗ ನಾನು ಹೀಗೆ ಮಾಡ್ತೇನೆ’ ಎಂದು ತೋರಿಸಿಕೊಡಬೇಕು. ‘ನಮ್ಮ ಕಾಲದಲ್ಲಿ ಹೆದರಿಕೆ ಗಿದರಿಕೆ ಏನೂ ಇರ್ಲಿಲ್ಲ’ ಎನ್ನುವ ಮನೆಯ ಹಿರಿಯರ ಮಾತಿಗೆ ಇದು ನೇರ ಉಲ್ಟಾ. ಪುಸ್ತಕವನ್ನು ಗಿಣಿಪಾಠ ಒಪ್ಪಿಸುವಂತಿಲ್ಲ, ಕ್ರಮ ಬಿಡುವಂತೆಯೂ ಇಲ್ಲ. ಆಯಾ ಮಗುವಿಗೆ ಹೊಂದಿಸಿಕೊಳ್ಳಬೇಕು.

ಫಲ ಸಿಕ್ಕಿದೆಯೇ?

1994ರಲ್ಲಿ ಕೆಂಡಾಲ್ ಪ್ರಕಟಿಸಿದ ಮೊದಲ ಪರೀಕ್ಷೆಯಲ್ಲಿ 9ರಿಂದ 13 ವರ್ಷದ 47 ಮಕ್ಕಳಿದ್ದರು. ಚಿಕಿತ್ಸೆ ಪಡೆದವರಲ್ಲಿ ಶೇ. 64 ಮಂದಿಯ ಮುಖ್ಯ ತೊಂದರೆ ನೀಗಿತ್ತು. 2008ರಲ್ಲಿ ಪ್ರಕಟವಾದ, ಟೆಂಪಲ್ ಕೂಡ ಪಾಲ್ಗೊಂಡ 488 ಮಕ್ಕಳ ದೊಡ್ಡ ಅಧ್ಯಯನದಲ್ಲಿ ಸಿಬಿಟಿಯಿಂದ ಸುಮಾರು ಶೇ. 60, ಔಷಧಿಯಿಂದ ಶೇ. 55, ಎರಡೂ ಸೇರಿದಾಗ ಶೇ. 81 ಮಕ್ಕಳು ಚೆನ್ನಾಗಿ ಚೇತರಿಸಿಕೊಂಡರು. ಔಷಧಿಯೇ ಇಲ್ಲದ ಹುಸಿಗುಳಿಗೆ ನುಂಗಿದವರಲ್ಲಿ ಚೇತರಿಸಿಕೊಂಡದ್ದು ಶೇ. 24 ಮಾತ್ರ. ಅಂದರೆ ಇದು ಎಲ್ಲರಿಗೂ ನಾಟುವ ಮಂತ್ರವಲ್ಲ. ಔಷಧಿ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು.

ನಮ್ಮ ಮಾತಿನಲ್ಲಿ

ಗಡಿಯ ಮಕ್ಕಳಿಗೆ ಇನ್ನೊಂದು ತೊಡಕುಂಟು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಮಲಯಾಳ, ಪ್ಲಸ್ ಟು ಸೇರಿದರೆ ಇಂಗ್ಲಿಷ್. ಅಂಕ ತೆಗೆಯಲು ಯಾವ ಭಾಷೆಯಾದರೂ ಆದೀತು. ಮನಸ್ಸಿನೊಳಗಿನ ಹೆದರಿಕೆ ಹೇಳಲು ಮಾತ್ರ ತನ್ನ ಮಾತೇ ಬೇಕು. ‘ಎಲ್ಲರೂ ನಗಾಡ್ತಾರೆ’ ಎಂಬುದು ಯೋಚನೆ, ‘ಎದೆ ಡವಡವ’ ಎಂಬುದು ಮೈಯ ಸೂಚನೆ. ಇವೆರಡನ್ನು ಬೇರ್ಪಡಿಸುವಲ್ಲಿಂದಲೇ ಸಿಬಿಟಿ ಶುರು. ಅರ್ಧಂಬರ್ಧ ಬರುವ ಭಾಷೆಯಲ್ಲಿ ಇದು ಸಾಧ್ಯವೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ ಇದೆ. ಮನಶ್ಶಾಸ್ತ್ರಜ್ಞರೂ ಅಲ್ಲಿ ತರಬೇತಿ ಪಡೆಯುತ್ತಾರೆ. ದೂರ ಹೋಗಲಾಗದವರಿಗೆ ಫೋನ್ ದಾರಿಯೂ ಉಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಸೇವೆ. ಅದರ 20 ಭಾಷೆಗಳಲ್ಲಿ ಕನ್ನಡವೂ ಒಂದು.

ಮನೆಯವರ ಗಮನಕ್ಕೆ

* ಪರೀಕ್ಷೆಯ ಮುನ್ನಾದಿನದ ಅಳುಕು ಎಲ್ಲರಿಗೂ ಸಹಜ. ವಾರಗಟ್ಟಲೆ ಶಾಲೆ ತಪ್ಪಿದರೆ, ನಿದ್ದೆ ಊಟ ಕೆಟ್ಟರೆ ತಜ್ಞರಿಗೆ ತೋರಿಸಿ.
* ‘ಸೋಮಾರಿ’, ‘ನಾಟಕ’ ಎಂದು ಹಂಗಿಸಬೇಡಿ.
* ಒಮ್ಮೆಲೇ ದೊಡ್ಡ ಗುರಿ ಬೇಡ. ಇವತ್ತು ಶಾಲೆಯ ಗೇಟಿನವರೆಗೆ ಹೋದರೂ ಅದು ಗೆಲುವೇ.
* ಬದುಕುವುದೇ ಬೇಡ ಎಂಬ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಳೆ ಬೆಳಿಗ್ಗೆ ಮತ್ತೆ ಹೊಟ್ಟೆ ನೋವು ಎಂದರೆ ಅಮ್ಮ ಹೇಳಬಹುದಾದ ಮಾತು ಇಷ್ಟೇ: ‘ಹೆದರಿಕೆ ಆಗ್ತದೆ ಅಂತ ನಂಗೆ ಗೊತ್ತುಂಟು ಮಗಾ. ಹೆದರಿಕೊಂಡೇ ಹೋಗಿ ನೋಡುವ. ಗೇಟಿನವರೆಗೆ ನಾನೂ ಬರ್ತೇನೆ.’