ತಲೆ ಅಲುಗಿದರೂ ನೋಟ ಅಲುಗದು: ಕಣ್ಣಿಗೆ ಕಿವಿಯ ಕಾವಲು

ಒಂದು ಸಣ್ಣ ಪ್ರಯೋಗದಿಂದ ಆರಂಭಿಸೋಣ. ತೋರುಬೆರಳನ್ನು ಮುಖದ ಮುಂದೆ ಹಿಡಿದು, ಕೈಯನ್ನು ಎಡಕ್ಕೂ ಬಲಕ್ಕೂ ವೇಗವಾಗಿ ಆಡಿಸಿ. ಬೆರಳಿನ ಗೆರೆಗಳು ಮಸುಕಾಗುತ್ತವೆ. ಈಗ ಕೈಯನ್ನು ಅಲುಗಿಸದೆ, ಅದೇ ವೇಗದಲ್ಲಿ ತಲೆಯನ್ನು 'ಇಲ್ಲ' ಎನ್ನುವಂತೆ ಆಡಿಸಿ. ಗೆರೆಗಳು ಸ್ಪಷ್ಟವಾಗಿಯೇ ಉಳಿಯುತ್ತವೆ. ಚಲನೆಯ ವೇಗ ಎರಡೂ ಸಲ ಒಂದೇ. ಹಾಗಿದ್ದೂ ಒಮ್ಮೆ ಮಸುಕು, ಇನ್ನೊಮ್ಮೆ ಸ್ಪಷ್ಟ. ಏಕೆ?

ಉತ್ತರ ಕಣ್ಣಿನಲ್ಲಿಲ್ಲ, ಕಿವಿಯಲ್ಲಿದೆ. ತಲೆ ಬಲಕ್ಕೆ ತಿರುಗಿದ ಕೂಡಲೇ ಕಣ್ಣುಗಳು ಅಷ್ಟೇ ವೇಗದಲ್ಲಿ ಎಡಕ್ಕೆ ಹೊರಳುತ್ತವೆ. ಹೀಗಾಗಿ ನೋಟ ಬೆರಳಿನ ಮೇಲೆಯೇ ನಿಲ್ಲುತ್ತದೆ. ಕಣ್ಣಿಗೆ ಈ ಆದೇಶ ನೀಡುವುದು ಒಳಕಿವಿ. ವೈದ್ಯಶಾಸ್ತ್ರದಲ್ಲಿ ಇದಕ್ಕೆ 'ವೆಸ್ಟಿಬ್ಯುಲೊ-ಆಕ್ಯುಲರ್ ರಿಫ್ಲೆಕ್ಸ್' ಎಂದು ಹೆಸರು. ನಡೆಯುವಾಗ ಪ್ರತಿ ಹೆಜ್ಜೆಗೂ ನಮ್ಮ ತಲೆ ಮೇಲೆ ಕೆಳಗೆ ಅಲುಗುತ್ತಿದ್ದರೂ ಎದುರಿಗೆ ಬರುವ ಬಸ್ಸಿನ ಫಲಕವನ್ನು ಓದಲು ಸಾಧ್ಯವಾಗುವುದು ಈ ಪರಾವರ್ತಿತ ಕ್ರಿಯೆಯಿಂದಲೇ.

ವೇಗವೇ ಇದರ ಗುಟ್ಟು

ಚಲಿಸುವ ವಸ್ತುವನ್ನು ಕಣ್ಣು ಕಂಡು, ಮೆದುಳು ಗ್ರಹಿಸಿ, ಅದನ್ನು ಹಿಂಬಾಲಿಸುವಂತೆ ಕಣ್ಣಿಗೆ ಸೂಚನೆ ಕೊಡಲು ಸುಮಾರು 100 ಮಿಲಿಸೆಕೆಂಡ್ ಬೇಕು. ಅಲುಗುವ ತಲೆಗೆ ಹೋಲಿಸಿದರೆ ಇದು ಬಹಳ ನಿಧಾನ. ಆದರೆ ಒಳಕಿವಿಯಿಂದ ಹೊರಟ ಸಂದೇಶ ಕಣ್ಣಿನ ಸ್ನಾಯುಗಳನ್ನು ತಲುಪಿ ಕಣ್ಣು ಹೊರಳಲು ಸುಮಾರು 10 ಮಿಲಿಸೆಕೆಂಡ್ ಸಾಕು. ಕೈ ಆಡಿಸಿದಾಗ ಬೆರಳು ಮಸುಕಾದುದಕ್ಕೂ, ತಲೆ ಆಡಿಸಿದಾಗ ಸ್ಪಷ್ಟವಾಗಿ ಉಳಿದುದಕ್ಕೂ ಈ ಅಂತರವೇ ಕಾರಣ.

ಪ್ರತಿಯೊಂದು ಒಳಕಿವಿಯಲ್ಲಿ ದ್ರವ ತುಂಬಿದ 3 ಅರ್ಧವೃತ್ತಾಕಾರದ ನಾಳಗಳಿವೆ. ಅವು ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿರುವುದರಿಂದ ತಲೆ ಯಾವ ದಿಕ್ಕಿಗೆ ತಿರುಗಿದರೂ ತಿಳಿಯುತ್ತದೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ. ಒಳಗಿನ ದ್ರವ ಮಾತ್ರ ಜಡತ್ವದಿಂದಾಗಿ ಹಿಂದುಳಿಯುತ್ತದೆ. ಆ ಒತ್ತಡಕ್ಕೆ ಸೂಕ್ಷ್ಮ ರೋಮಗಳುಳ್ಳ ಜೀವಕೋಶಗಳು ಬಾಗಿ, ನರದಲ್ಲಿ ಸಂದೇಶ ಹುಟ್ಟುತ್ತದೆ. ಕಿವಿಯಿಂದ ಮೆದುಳಿನ ಕಾಂಡಕ್ಕೆ ಒಂದು ನರಕೋಶ, ಅಲ್ಲಿಂದ ಕಣ್ಣನ್ನು ನಿಯಂತ್ರಿಸುವ ಕೇಂದ್ರಕ್ಕೆ ಮತ್ತೊಂದು, ಆ ಕೇಂದ್ರದಿಂದ ಕಣ್ಣಿನ ಸ್ನಾಯುವಿಗೆ ಇನ್ನೊಂದು. ಇಡೀ ಹಾದಿಯಲ್ಲಿ ಮುಖ್ಯವಾಗಿ ಇರುವುದು ಈ 3 ನರಕೋಶಗಳ ಸರಪಳಿ ಮಾತ್ರ. ವೇಗದ ಗುಟ್ಟು ಈ ಸರಳತೆಯಲ್ಲಿದೆ.

ಮಕ್ಕಳು ಗಿರಗಿರನೆ ತಿರುಗಿ ಥಟ್ಟನೆ ನಿಂತಾಗ ಜಗತ್ತೇ ತಿರುಗಿದಂತೆ ಅನಿಸುವುದಕ್ಕೂ ಇದೇ ಕಾರಣ. ದೇಹ ನಿಂತರೂ ನಾಳದ ದ್ರವ ತಕ್ಷಣ ನಿಲ್ಲುವುದಿಲ್ಲ. 'ತಲೆ ಇನ್ನೂ ತಿರುಗುತ್ತಿದೆ' ಎಂಬ ತಪ್ಪು ಸಂದೇಶವನ್ನು ನಂಬಿ ಕಣ್ಣುಗಳು ಹೊರಳುತ್ತಲೇ ಇರುತ್ತವೆ.

ಈ ವ್ಯವಸ್ಥೆ ಯಂತ್ರದಂತೆ ಜಡವೂ ಅಲ್ಲ. ಹೊಸ ಕನ್ನಡಕ ಧರಿಸಿದ ಮೊದಲ ಕೆಲವು ದಿನ ನೆಲ ತೇಲಿದಂತೆ ಕಾಣುವ ಅನುಭವ ಅನೇಕರಿಗಿದೆ. ಮಸೂರವು ಬಿಂಬವನ್ನು ಹಿಗ್ಗಿಸುವುದರಿಂದ ಅಥವಾ ಕುಗ್ಗಿಸುವುದರಿಂದ ಕಣ್ಣು ಹೊರಳಬೇಕಾದ ಪ್ರಮಾಣವೇ ಬದಲಾಗುತ್ತದೆ. ಸೆರೆಬೆಲ್ಲಮ್ ಎಂಬ ಕಿರುಮೆದುಳು ಈ ತಪ್ಪನ್ನು ಗಮನಿಸಿ ಹೊಸ ಲೆಕ್ಕವನ್ನು ಕಲಿಸಿಕೊಡುತ್ತದೆ.

ಕಿವಿಗೆ ಬಿಟ್ಟ ನೀರು ತೋರಿದ ದಾರಿ

ಕಿವಿ ಮತ್ತು ಕಣ್ಣಿನ ಈ ನಂಟನ್ನು ಚಿಕಿತ್ಸೆಗೆ ನೆರವಾಗುವ ಪರೀಕ್ಷೆಯಾಗಿ ರೂಪಿಸಿದವರು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುವಾಗ ನೀರು ತಣ್ಣಗಿದ್ದರೆ ಅವರಿಗೆ ತಲೆಸುತ್ತು ಬರುವುದನ್ನೂ, ಕಣ್ಣುಗಳು ತಾವಾಗಿಯೇ ಅದುರುವುದನ್ನೂ ಅವರು ಗಮನಿಸಿದರು. ನೀರು ಬಿಸಿಯಾಗಿದ್ದರೆ ಅದುರುವ ದಿಕ್ಕು ತಿರುಗುಮುರುಗಾಗುತ್ತಿತ್ತು. ಉಷ್ಣತೆಯ ವ್ಯತ್ಯಾಸದಿಂದ ನಾಳದ ದ್ರವದಲ್ಲಿ ಹರಿವು ಉಂಟಾಗುತ್ತದೆ ಎಂದು ಅವರು ವಿವರಿಸಿದರು. ಇದಕ್ಕಾಗಿ 1914ನೇ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಸುದ್ದಿ ತಲುಪಿದಾಗ ಅವರು ಮೊದಲ ಮಹಾಯುದ್ಧದ ಕೈದಿಯಾಗಿ ರಷ್ಯಾದ ಸೆರೆಯಲ್ಲಿದ್ದರು!

ಕಳೆದುಕೊಂಡಾಗ ತಿಳಿಯುವ ಬೆಲೆ

ಈ ರಕ್ಷಣೆ ಇಲ್ಲದಿದ್ದರೆ ಬದುಕು ಹೇಗಿರುತ್ತದೆ? ಅಮೆರಿಕದ ವೈದ್ಯರೊಬ್ಬರು 1952ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ತಮ್ಮ ಅನುಭವವನ್ನೇ ಬರೆದರು. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಅವರ ಎರಡೂ ಒಳಕಿವಿಗಳ ಸಮತೋಲನ ಶಕ್ತಿಯನ್ನು ನಾಶಪಡಿಸಿತ್ತು. ಹಾಸಿಗೆಯಲ್ಲಿ ಒರಗಿ ಓದುವಾಗ ಹೃದಯದ ಬಡಿತಕ್ಕೂ ಪುಟದ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ಲೋಹದ ಸರಳುಗಳ ನಡುವೆ ತಲೆಯನ್ನು ಒತ್ತಿ ಹಿಡಿದರಷ್ಟೇ ಓದು ಸಾಧ್ಯವಾಗುತ್ತಿತ್ತು. ನಡೆಯುವಾಗ ಎದುರು ಬಂದವರ ಗುರುತು ಹಿಡಿಯಲೂ ನಿಲ್ಲಬೇಕಿತ್ತು.

ಇದು ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ಸ್ಟ್ರೆಪ್ಟೊಮೈಸಿನ್ ಗುಂಪಿಗೇ ಸೇರಿದ ಜೆಂಟಾಮೈಸಿನ್ ಇಂದಿಗೂ ಗಂಭೀರ ಸೋಂಕುಗಳಲ್ಲಿ ಜೀವ ಉಳಿಸುವ ಔಷಧ. ಆದರೆ ಕೆಲವರಲ್ಲಿ ಅದು ಶ್ರವಣಶಕ್ತಿಗೆ ಧಕ್ಕೆ ತರದೆಯೇ ಸಮತೋಲನದ ಅಂಗವನ್ನು ಹಾಳುಮಾಡಬಲ್ಲದು. ಹಾಸಿಗೆಯಲ್ಲಿ ಮಲಗಿರುವವರೆಗೆ ರೋಗಿಗೆ ಇದು ಗೊತ್ತಾಗುವುದಿಲ್ಲ. ಎದ್ದು ನಡೆಯತೊಡಗಿದಾಗ ಗೋಡೆ, ರಸ್ತೆ ಎಲ್ಲವೂ ಕುಣಿಯತೊಡಗುತ್ತವೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅಪಾಯ ಹೆಚ್ಚು. ಇಂಥವರು ಕನ್ನಡಕ ಬದಲಿಸಿದರೆ ಪ್ರಯೋಜನವಿಲ್ಲ. ದೋಷವಿರುವುದು ಕಣ್ಣಿನಲ್ಲಲ್ಲ. ಕುಳಿತಾಗ ಸ್ಪಷ್ಟವಾಗಿ ಕಾಣುವುದು ನಡೆಯುವಾಗ ಕುಣಿದರೆ ಕಿವಿ, ಮೂಗು, ಗಂಟಲು ತಜ್ಞರನ್ನೋ ನರರೋಗ ತಜ್ಞರನ್ನೋ ಕಾಣುವುದು ಸೂಕ್ತ.

ವೈದ್ಯರಿಗೆ ಮೆದುಳಿನ ಕಿಟಕಿ

ಸಿಡ್ನಿಯ ಹಾಲ್ಮಗಿ ಮತ್ತು ಕರ್ತಾಯ್ಸ್ 1988ರಲ್ಲಿ ಒಂದು ಸರಳ ಪರೀಕ್ಷೆಯನ್ನು ವಿವರಿಸಿದರು. ರೋಗಿಯು ವೈದ್ಯರ ಮೂಗನ್ನೇ ದಿಟ್ಟಿಸಬೇಕು. ವೈದ್ಯರು ಆತನ ತಲೆಯನ್ನು ಥಟ್ಟನೆ ತುಸು ಪಕ್ಕಕ್ಕೆ ತಿರುಗಿಸುತ್ತಾರೆ. ಪರಾವರ್ತಿತ ಕ್ರಿಯೆ ಸರಿಯಿದ್ದರೆ ನೋಟ ಮೂಗಿನ ಮೇಲೆಯೇ ಉಳಿಯುತ್ತದೆ. ಇಲ್ಲವಾದರೆ ಕಣ್ಣು ತಲೆಯೊಂದಿಗೆ ಸಾಗಿ, ಬಳಿಕ ಜಿಗಿದು ಮೂಗಿಗೆ ಮರಳುತ್ತದೆ.

ಇಲ್ಲೊಂದು ವಿಪರ್ಯಾಸವಿದೆ. ಗಂಟೆಗಟ್ಟಲೆ ಬಿಡದೆ ತಲೆಸುತ್ತುತ್ತಿರುವ ರೋಗಿಯಲ್ಲಿ ಈ ಪರೀಕ್ಷೆ ಕೆಟ್ಟ ಫಲಿತಾಂಶ ನೀಡಿದರೆ ತೊಂದರೆ ಬಹುತೇಕ ಕಿವಿಯ ನರದಲ್ಲಿರುತ್ತದೆ. ಫಲಿತಾಂಶ ಸರಿಯಾಗಿದ್ದರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಏಕೆಂದರೆ ಅದು ಮೆದುಳಿನ ಹಿಂಭಾಗದ ಪಾರ್ಶ್ವವಾಯು ಆಗಿರಬಹುದು. ಇದನ್ನು ಪರಿಣತರೇ ಮಾಡಬೇಕು. ಮನೆಯಲ್ಲಿ ಪ್ರಯತ್ನಿಸಿ ಕುತ್ತಿಗೆಗೆ ಅಪಾಯ ತಂದುಕೊಳ್ಳಬಾರದು. ಮೆದುಳಿನ ಕಾಂಡದ ಸಾವನ್ನು ದೃಢಪಡಿಸುವ ಪರೀಕ್ಷೆಗಳಲ್ಲೂ ಕಿವಿಗೆ ತಣ್ಣೀರು ಬಿಟ್ಟು ಕಣ್ಣುಗಳ ಚಲನೆಯನ್ನು ನೋಡುವುದು ಸೇರಿದೆ. ಅಂಗಾಂಗ ದಾನಕ್ಕೆ ಮುನ್ನ ಬಾರಾನಿಯವರ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಮಾತ್ರೆಗಿಂತ ವ್ಯಾಯಾಮ

ತಲೆಸುತ್ತು ಬಂದ ಆರಂಭದ ದಿನಗಳಲ್ಲಿ ಅದನ್ನು ತಡೆಯುವ ಮಾತ್ರೆಗಳು ನೆಮ್ಮದಿ ಕೊಡುತ್ತವೆ. ಆದರೆ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ, ಮಂಪರು ತರುವ ಇಂಥ ಮಾತ್ರೆಗಳು ಕಿರುಮೆದುಳಿನ ಕಲಿಕೆಯನ್ನೇ ನಿಧಾನಗೊಳಿಸಬಹುದು. ಗೋಡೆಯ ಮೇಲಿನ ಅಕ್ಷರವೊಂದನ್ನು ದಿಟ್ಟಿಸುತ್ತಾ ತಲೆಯನ್ನು ಎಡಬಲಕ್ಕೆ ಆಡಿಸುವಂಥ ವ್ಯಾಯಾಮಗಳನ್ನು ತಜ್ಞರ ಸಲಹೆಯಂತೆ ಮಾಡಿದರೆ, ಉಳಿದಿರುವ ಶಕ್ತಿಯನ್ನು ಬಳಸಿಕೊಳ್ಳಲು ಮೆದುಳು ಕಲಿಯುತ್ತದೆ. ಹೊಸ ಕನ್ನಡಕಕ್ಕೆ ಹೊಂದಿಕೊಂಡ ಮೆದುಳೇ ಇಲ್ಲಿಯೂ ನೆರವಿಗೆ ಬರುತ್ತದೆ. ಅದಕ್ಕೆ ಬೇಕಾದುದು ಅಭ್ಯಾಸ ಮತ್ತು ಸಮಯ.