ಬಣ್ಣದ ಬೇರಿನಲ್ಲಿ ಬ್ಯಾಟರಿ

ನಮ್ಮಲ್ಲಿ ಕೆಲವರಿಗೆ ಅದು ಗೋರಂಟಿ, ಕೆಲವರಿಗೆ ಮದರಂಗಿ. ದಿಲ್ಲಿ ಮುಂಬಯಿಗಳ ನೆರೆಹೊರೆಯವರ ಬಾಯಲ್ಲಿ ಮೆಹಂದಿ. ಹೆಸರು ಯಾವುದಾದರೇನು, ಎಲೆ ಅರೆದು ಹಚ್ಚಿದರೆ ಅಂಗೈ ಕೆಂಪಾಗುತ್ತದೆ. ಆ ಕೆಂಪಿಗೆ ಕಾರಣ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು. ಇದು ಕ್ವಿನೋನ್ ಎಂಬ ದೊಡ್ಡ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ವಸ್ತುಗಳಿಂದ ಮೊಬೈಲ್ ಫೋನಿನ ಬ್ಯಾಟರಿಯನ್ನು ಮಾಡಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ ಎಂದರೆ ಓದುಗರಿಗೆ ಸೋಜಿಗವಾದೀತು. ಸೋಜಿಗದ ಜೊತೆಗೆ ಇದರಲ್ಲಿ ನಮ್ಮ ಮನಸ್ಸಾಕ್ಷಿಗೆ ಸಂಬಂಧಿಸಿದ ಮಾತೂ ಉಂಟು.

ಮೊದಲು ಈಗಿನ ಬ್ಯಾಟರಿಯೊಳಗೆ ಇಣುಕಿ ನೋಡೋಣ. ಅದರಲ್ಲಿ ಎರಡು ವಿದ್ಯುದ್ವಾರಗಳಿವೆ. ಒಂದು, ಪೆನ್ಸಿಲ್ ಕಡ್ಡಿಗೆ ಬಳಸುವ ಗ್ರಾಫೈಟಿನದು. ಇನ್ನೊಂದು, ಫೋನುಗಳಲ್ಲಿ ಸಾಮಾನ್ಯವಾಗಿ, ಕೋಬಾಲ್ಟ್ ಲೋಹದ ಆಕ್ಸೈಡಿನದು. ನಡುವೆ ಒಂದು ದ್ರಾವಣ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಕೋಬಾಲ್ಟಿನ ಕಡೆಯಿಂದ ಗ್ರಾಫೈಟಿಗೆ ಹೋಗಿ ಕೂರುತ್ತವೆ. ಫೋನು ಬಳಸುವಾಗ ಮರಳಿ ಬರುತ್ತವೆ. ಕಚೇರಿಯ ಗುಮಾಸ್ತರಾದ ನಮಗೆ ಇದು ಆವಕ-ಜಾವಕದ ವ್ಯವಹಾರದಂತೆಯೇ ಕಾಣುತ್ತದೆ. ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗಿ ಬರುತ್ತಿರುತ್ತದೆ. ಮೇಜುಗಳು ಮಾತ್ರ ಭದ್ರವಾಗಿ ನಿಂತಿರಬೇಕು. ಕೋಬಾಲ್ಟಿನ ಈ ಮೇಜನ್ನು 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಂಡುಕೊಟ್ಟವರು ಜಾನ್ ಗುಡಿನಫ್. 1991ರಲ್ಲಿ ಜಪಾನಿನ ಸೋನಿ ಕಂಪೆನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಕೋಬಾಲ್ಟ್ ಬರುವುದೆಲ್ಲಿಂದ? ಜಗತ್ತಿನ ಗಣಿಗಳಿಂದ ತೆಗೆಯುವ ಕೋಬಾಲ್ಟಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆಫ್ರಿಕದ ಕಾಂಗೋ ಪ್ರಜಾಪ್ರಭುತ್ವ ಗಣರಾಜ್ಯದ್ದು. ಅಲ್ಲಿ ದೊಡ್ಡ ಗಣಿಗಳೂ ಉಂಟು, ಬಡವರು ಕೈಯಿಂದಲೇ ತೋಡುವ ಗುಂಡಿಗಳೂ ಉಂಟು. ಏಳು ವರ್ಷದ ಮಕ್ಕಳು ಕೂಡ ಅದಿರು ಆರಿಸಿ ಹೊರುತ್ತಿದ್ದಾರೆಂದು 2016ರಲ್ಲಿ ಆಮ್ನೆಸ್ಟಿ ಸಂಸ್ಥೆ ವರದಿ ಮಾಡಿತು. ಮೇಲಾಗಿ ಕೋಬಾಲ್ಟ್ ಆಕ್ಸೈಡನ್ನು ಸಿದ್ಧಪಡಿಸಲು ಸುಮಾರು 800-900 ಡಿಗ್ರಿ ಸೆಂಟಿಗ್ರೇಡಿನ ಕುಲುಮೆ ಬೇಕು. ಊರಿನ ಹಿರಿಯರ ಮುಖವನ್ನು ನಿತ್ಯವೂ ನಮಗೆ ತೋರಿಸುವ ಯಂತ್ರದ ಹಿಂದೆ ಇಷ್ಟೆಲ್ಲ ಇದೆ.

ಈ ಲೋಹದ ಬದಲಿಗೆ ಸಾವಯವ ಸಂಯುಕ್ತಗಳನ್ನು ಬಳಸಬಹುದೆಂಬುದೇ ಹೊಸ ವಿಚಾರ. ಇಲ್ಲಿ ಸಾವಯವ ಎಂದರೆ ಗೊಬ್ಬರ ಹಾಕಿ ಬೆಳೆದ ತರಕಾರಿಯ ಮಾತಲ್ಲ. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಮುಂತಾದ ಸುಲಭವಾಗಿ ಸಿಗುವ ಮೂಲವಸ್ತುಗಳಿಂದ ಆದ ಅಣು ಎಂದಷ್ಟೇ ಅರ್ಥ. ಕ್ವಿನೋನಿನಲ್ಲಿ ಇಂಗಾಲಕ್ಕೆ ಎರಡು ಬಂಧಗಳಿಂದ ಅಂಟಿಕೊಂಡ ಆಮ್ಲಜನಕವಿದೆ. ಅದು ಒಂದು ಎಲೆಕ್ಟ್ರಾನನ್ನೂ ಒಂದು ಲಿಥಿಯಂ ಅಯಾನನ್ನೂ ಹಿಡಿದುಕೊಳ್ಳಬಲ್ಲದು, ಬೇಕಾದಾಗ ಬಿಟ್ಟುಕೊಡಬಲ್ಲದು. ಗಿಡಗಳು ಬಿಸಿಲಿನಿಂದ ಆಹಾರ ಮಾಡುವಾಗಲೂ ಎಲೆಕ್ಟ್ರಾನುಗಳನ್ನು ಸಾಗಿಸುವ ಕೂಲಿ ಕ್ವಿನೋನುಗಳದೇ.

2008ರಲ್ಲಿ ಫ್ರಾನ್ಸಿನ ಅಮಿಯೆನ್ಸ್ ನಗರದ ವಿಜ್ಞಾನಿಗಳು ಮೆಕ್ಕೆಜೋಳದಿಂದ ದೊರೆಯುವ ವಸ್ತುವೊಂದರಿಂದ ವಿದ್ಯುದ್ವಾರವನ್ನು ಮಾಡಿದರು. 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯ ಮತ್ತು ನ್ಯೂಯಾರ್ಕಿನ ಸಿಟಿ ಕಾಲೇಜಿನವರು ಮ್ಯಾಡರ್ ಗಿಡದ ಬೇರಿನ ಕೆಂಪು ಬಣ್ಣವಾದ ಪರ್‌ಪುರಿನ್ನನ್ನು ತೆಗೆದುಕೊಂಡರು. ಈ ಗಿಡ ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಮಂಜಿಷ್ಠದ ಹತ್ತಿರದ ಬಂಧು. ಪರ್‌ಪುರಿನ್ನಿಗೆ ಲಿಥಿಯಂ ಸೇರಿಸಲು ಕುಲುಮೆ ಬೇಕಾಗಲಿಲ್ಲ. ಕೋಣೆಯ ಉಷ್ಣತೆಯೇ ಸಾಕಾಯಿತು. ಅದು ಗ್ರಾಂ ಒಂದಕ್ಕೆ ಸುಮಾರು 90 ಮಿಲಿಆಂಪಿಯರ್-ಗಂಟೆ ವಿದ್ಯುತ್ತನ್ನು ಹಿಡಿದಿಟ್ಟಿತು. ಕೋಬಾಲ್ಟ್ ಆಕ್ಸೈಡು ಹಿಡಿಯುವುದು ಸುಮಾರು 140.

ಹಾಗಾದರೆ ಅಂಗಡಿಯಲ್ಲಿ ಏಕೆ ಸಿಗುತ್ತಿಲ್ಲ? ಇಂಥ ಸಣ್ಣ ಅಣುಗಳು ನಡುವಿನ ದ್ರಾವಣದಲ್ಲಿ, ನೀರಿನಲ್ಲಿ ಬೆಲ್ಲದಂತೆ, ಕರಗಿಬಿಡುತ್ತವೆ. ಮೇಜೇ ಕರಗಿದರೆ ಕಾಗದವನ್ನು ಇಡುವುದೆಲ್ಲಿ? ವಿದ್ಯುತ್ತನ್ನು ಸಾಗಿಸುವ ಶಕ್ತಿಯೂ ಇವಕ್ಕೆ ಕಡಿಮೆ. ಅದಕ್ಕಾಗಿ ಇಂಗಾಲದ ಪುಡಿಯನ್ನು ಧಾರಾಳವಾಗಿ ಬೆರೆಸಬೇಕು; ಬೆರೆಸಿದಷ್ಟೂ ಬ್ಯಾಟರಿಯ ಗಾತ್ರ ಹೆಚ್ಚುತ್ತದೆ.

ಪರಿಹಾರವೂ ಕಾಣತೊಡಗಿದೆ. 2019ರಲ್ಲಿ ಮದರಂಗಿಯ ಲಾಸೋನಿನ ನಾಲ್ಕು ನಾಲ್ಕು ಅಣುಗಳನ್ನು ಬೆಸೆದು ದೊಡ್ಡ ಅಣುವಾಗಿಸಿ ವಿದ್ಯುದ್ವಾರಕ್ಕೆ ಬಳಸಿದರು. 2024ರಲ್ಲಿ ಅಮೆರಿಕದ ಎಂ.ಐ.ಟಿ.ಯ ಮಿರ್ಚಾ ಡಿಂಕಾ ಮತ್ತು ಸಂಗಡಿಗರು ಟಿ.ಎ.ಕ್ಯೂ. ಎಂಬ ಕ್ವಿನೋನ್ ಜಾತಿಯ ವಸ್ತುವನ್ನು ಪ್ರಕಟಿಸಿದರು. ಅದರ ಅಣುಗಳು ಪದರ ಪದರವಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಕರಗುವುದಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜು ಮಾಡಿದರೂ ಅದು ತಾಳಿತು. ಇಟಲಿಯ ಕಾರು ಕಂಪೆನಿ ಲಂಬೋರ್ಗಿನಿ ಇದರ ಪೇಟೆಂಟಿಗೆ ಲೈಸೆನ್ಸು ಪಡೆಯಿತು.

ಇದರಿಂದ ನಾಳೆಯೇ ಗಣಿಗಳು ಮುಚ್ಚುತ್ತವೆಂದು ಯಾರೂ ತಿಳಿಯಬಾರದು. ಕೋಬಾಲ್ಟ್ ಹೋದರೂ ಲಿಥಿಯಂ ಬೇಕೇ ಬೇಕು. ಆದರೆ ಮಗುವಿನ ಬೆವರು ಬೇಡದ ಬ್ಯಾಟರಿ ಸಾಧ್ಯವೆಂಬ ಭರವಸೆ ಪ್ರಯೋಗಶಾಲೆಯಿಂದ ಬಂದಿದೆ. ಅಲ್ಲಿಯವರೆಗೆ ನಮ್ಮ ಕೈಲಾಗುವ ಕೆಲಸ ಒಂದಿದೆ. ಕೆಟ್ಟ ಫೋನುಗಳನ್ನು ಕಪಾಟಿನಲ್ಲಿ ಕೂಡಿಹಾಕುವುದು, ಕಸದ ಬುಟ್ಟಿಗೆ ಎಸೆಯುವುದು ಎರಡೂ ಬೇಡ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಭಾರತ ಸರಕಾರದ 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಒಮ್ಮೆ ಭೂಮಿಯಿಂದ ತೆಗೆದ ಕೋಬಾಲ್ಟನ್ನು ಅವುಗಳಿಂದ ಮತ್ತೆ ಪಡೆಯಬಹುದು. ಹಾಗೆ ಮರಳಿಸಿದ ಪ್ರತಿಯೊಂದು ಬ್ಯಾಟರಿಯಿಂದಲೂ ಗಣಿಯ ಹೊರೆ ಅಷ್ಟರಮಟ್ಟಿಗೆ ತಗ್ಗೀತು.