ಬ್ರಾವೋ ನವೆಂಬರ್: ಒಂದು ಚಿನೂಕಿನ ಚರಿತ್ರೆ

ಇಂಗ್ಲೆಂಡಿನ ಷ್ರಾಪ್‌ಶೈರ್ ಪ್ರಾಂತದ ಕಾಸ್‌ಫರ್ಡಿನಲ್ಲಿರುವ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯಕ್ಕೆ 2022ರಲ್ಲಿ ಬಂದು ಸೇರಿದ ಚಿನೂಕ್ ಹೆಲಿಕಾಪ್ಟರನ್ನು ಸುಂದರವಾದ ಯಂತ್ರವೆಂದು ಯಾರೂ ಹೊಗಳಲಾರರು. ಉದ್ದನೆಯ ಪೆಟ್ಟಿಗೆಯಂತಹ ಒಡಲು, ಅದರ ಎರಡು ತುದಿಗಳಲ್ಲಿ ಒಂದೊಂದು ರೋಟರು, ಹಿಂಬದಿಯ ಗೋಪುರದ ಇಕ್ಕೆಲಗಳಲ್ಲಿ ಹೊರಗಿನಿಂದ ತಗುಲಿಹಾಕಿದಂತೆ ಕಾಣುವ ಎರಡು ಎಂಜಿನುಗಳು, ಇಷ್ಟೇ ಅದರ ಸ್ವರೂಪ. ಜಡ್‌ಎ718 ಎಂಬುದು ಅದರ ದಾಖಲೆಯ ಸಂಖ್ಯೆಯಾದರೂ, ಪಕ್ಕದಲ್ಲಿ ಬರೆದಿದ್ದ ಬಿ ಮತ್ತು ಎನ್ ಎಂಬ ಎರಡು ಅಕ್ಷರಗಳನ್ನು ವಾಯುಯಾನಿಗಳ ಪದ್ಧತಿಯಂತೆ ಉಚ್ಚರಿಸಿದ್ದರಿಂದ ಲೋಕಕ್ಕೆ ಅದು ‘ಬ್ರಾವೋ ನವೆಂಬರ್’ ಎಂದೇ ಪರಿಚಿತವಾಯಿತು. ಅದನ್ನು ನಡೆಸಿದ ನಾಲ್ವರು ವೈಮಾನಿಕರಿಗೆ, ನಾಲ್ಕು ಬೇರೆ ಬೇರೆ ಸಂದರ್ಭಗಳಲ್ಲಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕ ದೊರೆಯಿತು. ಪದಕಗಳ ಕಥೆಯನ್ನು ಹೇಳುವವರು ಬಹಳ ಮಂದಿ. ಆ ಕಥೆಯನ್ನು ಸಾಧ್ಯವಾಗಿಸಿದ ಹಲ್ಲುಗಾಲಿಗಳನ್ನೂ ದಂಡಗಳನ್ನೂ ಎಣ್ಣೆಗೈಯ ಮೆಕ್ಯಾನಿಕರನ್ನೂ ಕುರಿತು ಹೇಳುವವರು ವಿರಳ. ನನಗಾದರೋ ಆ ಎರಡನೆಯ ಕಥೆಯೇ ಹೆಚ್ಚು ರುಚಿಸುತ್ತದೆ.

ಸಾಮಾನ್ಯ ಹೆಲಿಕಾಪ್ಟರಿನಲ್ಲಿ ತಲೆಯ ಮೇಲಿನ ರೋಟರು ಒಂದು ದಿಕ್ಕಿಗೆ ತಿರುಗುತ್ತಿರುವಾಗ, ನ್ಯೂಟನ್ನನ ಮೂರನೆಯ ನಿಯಮಕ್ಕೆ ಅನುಸಾರವಾಗಿ, ಒಡಲು ಅದಕ್ಕೆ ವಿರುದ್ಧವಾದ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಇದನ್ನು ತಡೆಯುವುದಕ್ಕಾಗಿಯೇ ಬಾಲದ ತುದಿಯಲ್ಲಿ ಚಿಕ್ಕ ರೋಟರೊಂದನ್ನು ಅಡ್ಡಲಾಗಿ ಇಡುತ್ತಾರೆ. ಅದು ಭಾರವೆತ್ತುವ ಕೆಲಸಕ್ಕೆ ಒದಗದೆ, ಎಂಜಿನಿನ ಶಕ್ತಿಯಲ್ಲಿ ಒಂದು ಪಾಲನ್ನು ಮಾತ್ರ ತಿನ್ನುತ್ತದೆ. ಅಮೆರಿಕದ ಫ್ರಾಂಕ್ ಪಿಯಾಸೆಕಿ ಎಂಬ ಎಂಜಿನಿಯರು ಬೆಳೆಸಿದ ಜೋಡಿರೋಟರಿನ ಪರಂಪರೆಯಲ್ಲಿ ಹುಟ್ಟಿ, 1961ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಹಾರಿದ ಚಿನೂಕಿಗೆ ಈ ದಂಡ ತೆರುವ ಕಷ್ಟವಿಲ್ಲ. ಮುಂದಿನ ರೋಟರು ಒಂದು ದಿಕ್ಕಿಗೂ ಹಿಂದಿನದು ಅದಕ್ಕೆ ಎದುರಾದ ದಿಕ್ಕಿಗೂ ತಿರುಗುವುದರಿಂದ ಎರಡರ ತಿರುಚುಬಲಗಳು ಒಂದನ್ನೊಂದು ರದ್ದುಗೊಳಿಸಿ, ಎಂಜಿನುಗಳ ಶಕ್ತಿಯೆಲ್ಲವೂ ಭಾರವೆತ್ತುವುದಕ್ಕೇ ದೊರೆಯುತ್ತದೆ. ಒಂದೇ ರೋಟರಿನ ಯಂತ್ರದಲ್ಲಿ ಸರಕನ್ನು ಆ ರೋಟರಿನ ನೆಟ್ಟಗೆ ಕೆಳಗೆ, ಅಳೆದು ತೂಗಿ ಇಡಬೇಕು. ಎರಡು ಆಧಾರಗಳ ನಡುವೆ ತೂಗುವ ಚಿನೂಕಿನಲ್ಲಾದರೋ ಭಾರವು ಸ್ವಲ್ಪ ಮುಂದೆ ಸರಿದರೂ ಹಿಂದೆ ಸರಿದರೂ ಬಾಧಕವಿಲ್ಲ. ಈ ಗುಣದ ಬೆಲೆ ಯುದ್ಧಭೂಮಿಯಲ್ಲಿ ತಿಳಿಯುತ್ತದೆ.

ಆದರೆ ಪ್ರಕೃತಿಯು ಪುಕ್ಕಟೆಯಾಗಿ ಏನನ್ನೂ ಕೊಡುವವಳಲ್ಲ. ಚಿನೂಕಿನ ಒಂದೊಂದು ರೋಟರಿನ ವ್ಯಾಸ 60 ಅಡಿ. ಎರಡು ರೋಟರುಗಳ ನಡುಗಂಬಗಳಿಗಿರುವ ಅಂತರವೋ ಸುಮಾರು 39 ಅಡಿ ಮಾತ್ರ. ಎಂದರೆ ಮುಂದಿನ ಮೂರು ಅಲಗುಗಳೂ ಹಿಂದಿನ ಮೂರು ಅಲಗುಗಳೂ ನಿಮಿಷಕ್ಕೆ 225 ಸುತ್ತಿನ ವೇಗದಲ್ಲಿ ಒಂದರ ಕ್ಷೇತ್ರವನ್ನು ಒಂದು ಹೊಕ್ಕು ಹೊರಡುತ್ತಲೇ ಇರುತ್ತವೆ. ಅವು ಡಿಕ್ಕಿಯಾಗದಂತೆ ಕಾಯುವುದು ಒಡಲಿನ ಚಾವಣಿಯುದ್ದಕ್ಕೂ ಹಾಯ್ದು ಎರಡು ಗೇರ್‌ಬಾಕ್ಸುಗಳನ್ನು ಬೆಸೆಯುವ ಒಂದು ತಿರುಗುದಂಡ. ಒಂದು ಎಂಜಿನು ನಿಂತುಹೋದರೂ ಉಳಿದೊಂದು ಎಂಜಿನು ಎರಡು ರೋಟರುಗಳನ್ನೂ ತಿರುಗಿಸುವುದು ಇದರ ಮೂಲಕವೇ. ಈ ಸರಪಣಿಯಲ್ಲಿ ಎಲ್ಲಿಯೇ ಆಗಲಿ ಒಂದು ಕೊಂಡಿ ಕಳಚಿದರೆ ಆಗುವ ಅನರ್ಥವು 1982ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಂಡುಬಂದಿತು. ಅಮೆರಿಕದ ಸೈನ್ಯಕ್ಕೆ ಸೇರಿದ ಚಿನೂಕೊಂದರ ಗೇರ್‌ಬಾಕ್ಸನ್ನು ಶುಚಿಗೊಳಿಸಲು ಬಳಸಿದ್ದ ಅಕ್ರೋಟಿನ ಚಿಪ್ಪಿನ ಪುಡಿಯು ಒಳಗೇ ಉಳಿದು, ಎಣ್ಣೆ ಚಿಮ್ಮುವ ಸಣ್ಣ ರಂಧ್ರಗಳನ್ನು ಮುಚ್ಚಿ, ಎಣ್ಣೆ ಕಾಣದ ಭಾಗಗಳು ಕಾದು ಮುರಿದು, ರೋಟರುಗಳ ಹೊಂದಿಕೆ ತಪ್ಪಿ ಅಲಗುಗಳು ಪರಸ್ಪರ ಬಡಿದುಕೊಂಡು, ಒಳಗಿದ್ದ 46 ಮಂದಿಯೂ ಮೃತರಾದರು.

ಇಂತಹ ಸೂಕ್ಷ್ಮಶರೀರದ ಯಂತ್ರಗಳನ್ನು ನಾಲ್ಕು ಸಂಖ್ಯೆಯಲ್ಲಿ ಹೊತ್ತು, ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕುಹಡಗು ಅದೇ ವರ್ಷದ ವಸಂತದಲ್ಲಿ ದಕ್ಷಿಣ ಅಟ್ಲಾಂಟಿಕ್ ಸಮುದ್ರದ ಫಾಕ್‌ಲೆಂಡ್ ದ್ವೀಪಗಳ ಕಡೆಗೆ ಹೊರಟಿತ್ತು. ಬ್ರಿಟನ್ನಿನ ವಶದಲ್ಲಿದ್ದ ಆ ದ್ವೀಪಗಳನ್ನು ಅರ್ಜೆಂಟೀನವು ಏಪ್ರಿಲಿನಲ್ಲಿ ಆಕ್ರಮಿಸಿಕೊಂಡಿದ್ದಿತು. ಮೇ 25ರಂದು ಅರ್ಜೆಂಟೀನದ ವಿಮಾನಗಳು ಬಿಟ್ಟ ಎಕ್ಸೊಸೆಟ್ ಕ್ಷಿಪಣಿಗಳು ಹಡಗಿಗೆ ತಗುಲಿ, ಕಪ್ತಾನ ಇಯಾನ್ ನಾರ್ತ್ ಸೇರಿದಂತೆ 12 ಮಂದಿ ಮಡಿದರು. ಮೂರು ಚಿನೂಕುಗಳು ಹಡಗಿನೊಡನೆ ಸುಟ್ಟುಹೋದವು. ನಾಲ್ಕನೆಯದಾದ ಬ್ರಾವೋ ನವೆಂಬರ್ ಆ ಗಳಿಗೆಯಲ್ಲಿ ಆಕಾಶದಲ್ಲಿದ್ದುದರಿಂದ ಮಾತ್ರ ಉಳಿದು, ಹರ್ಮಿಸ್ ಎಂಬ ವಿಮಾನವಾಹಕ ನೌಕೆಯ ಮೇಲೆ ಇಳಿಯಿತು. ಸಾಕಷ್ಟು ಹೆಲಿಕಾಪ್ಟರುಗಳಿಲ್ಲದ ಕಾರಣ ಬ್ರಿಟಿಷ್ ಪದಾತಿಗಳು ಬೆನ್ನ ಮೇಲೆ ಮೂಟೆ ಹೊತ್ತು, ಜೌಗುನೆಲವನ್ನು ತುಳಿದು, ದ್ವೀಪದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆಯಬೇಕಾಯಿತು.

ಯಂತ್ರವೊಂದು ಉಳಿಯಿತು ನಿಜ. ಆದರೆ ಅದರ ಬಿಡಿಭಾಗಗಳು, ಹತ್ಯಾರುಗಳು, ದುರಸ್ತಿಯ ಕೈಪಿಡಿಗಳು, ಎಣ್ಣೆ, ಗ್ರೀಸು ಎಲ್ಲವೂ ಹಡಗಿನಲ್ಲೇ ಬೂದಿಯಾಗಿದ್ದವು. ಹಾರಾಟದ ಇಷ್ಟು ಗಂಟೆಗೊಮ್ಮೆ ಇಂತಿಂಥ ಭಾಗವನ್ನು ಪರೀಕ್ಷಿಸತಕ್ಕದ್ದು ಎಂದು ಶಾಂತಿಕಾಲದಲ್ಲಿ ವಿಧಿಸಿದ್ದ ಕಟ್ಟುಕಟ್ಟಳೆಗಳನ್ನು ಇಲ್ಲಿ ಪಾಲಿಸುವುದು ಹೇಗೆ? ಯಂತ್ರದ ಹೊಣೆ ಹೊತ್ತಿದ್ದ 18ನೆಯ ಸ್ಕ್ವಾಡ್ರನ್ನಿನ ಮೆಕ್ಯಾನಿಕರು ನೆನಪನ್ನೇ ಕೈಪಿಡಿಯಾಗಿಸಿಕೊಂಡು, ಎರವಲು ತಂದ ಸ್ಪ್ಯಾನರುಗಳಿಂದ, ಶೀತಗಾಳಿಯ ಬಯಲಿನಲ್ಲಿ ನಿಂತು ಅದನ್ನು ಹಾರುವ ಸ್ಥಿತಿಯಲ್ಲಿಟ್ಟರು. ಯುದ್ಧ ಮುಗಿಯುವ ವೇಳೆಗೆ ಈ ಒಂದೇ ಯಂತ್ರವು ಸುಮಾರು 1,500 ಸೈನಿಕರನ್ನೂ 650 ಯುದ್ಧಕೈದಿಗಳನ್ನೂ 95 ಗಾಯಾಳುಗಳನ್ನೂ 550 ಟನ್ ಸರಕನ್ನೂ ಸಾಗಿಸಿತ್ತೆಂದು ಲೆಕ್ಕವಿದೆ. ಶೌರ್ಯಪದಕವು ವಿಮಾನವನ್ನು ಹಾರಿಸಿದವನ ಎದೆಗೆ ಸಲ್ಲುತ್ತದೆ, ಸಲ್ಲಬೇಕಾದದ್ದೂ ಹೌದು. ಸ್ಪ್ಯಾನರು ಹಿಡಿದ ಕೈಗಳಿಗೂ ಒಂದು ಪಾಲು ಸಲ್ಲಬೇಕಾಗಿತ್ತೆಂಬುದು ನನ್ನ ಮತ.

ಮೇ 30ರ ರಾತ್ರಿಯ ಪ್ರಸಂಗವು ಇವೆಲ್ಲದರಲ್ಲಿ ವಿಶೇಷವಾದದ್ದು. ಸ್ಕ್ವಾಡ್ರನ್ ಲೀಡರ್ ಡಿಕ್ ಲ್ಯಾಂಗ್‌ವರ್ದಿಯು ಮೂರು 105 ಮಿಲಿಮೀಟರ್ ಫಿರಂಗಿಗಳಲ್ಲಿ ಎರಡನ್ನು ಒಡಲೊಳಗೂ ಒಂದನ್ನು ಹೊಟ್ಟೆಯಡಿಯ ಕೊಕ್ಕೆಗೂ ಹೇರಿಕೊಂಡು, 22 ಸೈನಿಕರೊಡನೆ ಮೌಂಟ್ ಕೆಂಟ್ ಬೆಟ್ಟಕ್ಕೆ ಕತ್ತಲಲ್ಲಿ ಮುಟ್ಟಿಸಿದನು. ಹಿಂದಿರುಗುವಾಗ ಹಿಮದ ಮಳೆ ಕವಿದು ಕಣ್ಣಿಗೆ ಏನೂ ಕಾಣದಾಯಿತು. ಎತ್ತರವನ್ನು ತಿಳಿಸಬೇಕಾದ ಮಾಪಕವೂ ಕೆಟ್ಟಿದ್ದಿತು. ಸುಮಾರು 100 ನಾಟ್, ಎಂದರೆ ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಯಂತ್ರವು ಸಮುದ್ರಕ್ಕೆ ಬಡಿಯಿತು. ಚಿಮ್ಮಿದ ನೀರು ಎಂಜಿನುಗಳಿಗೆ ನುಗ್ಗಿ ಅವುಗಳ ವೇಗ ಕುಗ್ಗತೊಡಗಿತು. ಮುಳುಗುವುದೇ ನಿಶ್ಚಯವೆಂದು ಬಗೆದ ಸಹಚಾಲಕನು ತನ್ನ ಪಕ್ಕದ ಬಾಗಿಲನ್ನು ಕಳಚಿ ಎಸೆದನು. ಆದರೆ ಮೂತಿ ಕೊಂಚ ಮೇಲಕ್ಕಿದ್ದು, ತಳವು ದೋಣಿಯಂತೆ ಚಪ್ಪಟೆಯಾಗಿದ್ದುದರಿಂದ, ಹುಡುಗರು ಕೆರೆಯ ಮೇಲೆ ಓರೆಯಾಗಿ ಎಸೆದ ಬಿಲ್ಲೆಗಲ್ಲಿನ ಹಾಗೆ ಅದು ನೀರನ್ನು ಸವರಿಕೊಂಡು ಹೋಯಿತು. ಲ್ಯಾಂಗ್‌ವರ್ದಿಯು ರೋಟರುಗಳ ಎತ್ತುಬಲವನ್ನು ಹೆಚ್ಚಿಸುತ್ತಲೇ ಇದ್ದನು, ಎಂಜಿನುಗಳು ಚೇತರಿಸಿಕೊಂಡವು, ಯಂತ್ರವು ನೀರನ್ನು ಬಿಟ್ಟು ಎದ್ದಿತು. ನೆಗ್ಗಿದ ಒಡಲು, ಕೆಟ್ಟ ರೇಡಿಯೊ, ಇಲ್ಲದ ಬಾಗಿಲು, ಇವಿಷ್ಟೇ ನಷ್ಟ. ದೈವಕೃಪೆಯೆಂದು ಇದನ್ನು ಕರೆಯುವವರೊಡನೆ ನಾನು ಜಗಳವಾಡುವುದಿಲ್ಲ. ಆದರೂ ಚಿನೂಕಿನ ತಳವನ್ನು ನೀರು ಹೊಗದಂತೆ, ತೇಲುವಂತೆ ಕಟ್ಟಬೇಕೆಂದು ಇಪ್ಪತ್ತು ವರ್ಷಗಳ ಮುಂಚೆಯೇ ಯಾರೋ ನಕ್ಷೆಯ ಹಾಳೆಯ ಮುಂದೆ ಕುಳಿತು ಯೋಚಿಸಿದ್ದರಲ್ಲವೇ!

ಜೂನ್ 2ರಂದು ಗೂಸ್ ಗ್ರೀನಿನಿಂದ ಫಿಟ್ಸ್‌ರಾಯಿಗೆ ಒಂದೇ ಸಲಕ್ಕೆ 81 ಪ್ಯಾರಾಷೂಟ್ ಸೈನಿಕರನ್ನು ಅದು ಒಯ್ದಿತು. ಆ ಒಡಲು ಸುಮಾರು 40 ಮಂದಿಗೆಂದು ಕಟ್ಟಿದ್ದು. ಆಸನಗಳನ್ನು ತೆಗೆದು, ಜನರನ್ನು ನಿಲ್ಲಿಸಿಯೇ ತುಂಬಿದಾಗ, ಯಾರು ಎಲ್ಲಿ ನಿಂತರೆಂದು ತೂಗಿನೋಡುವ ವ್ಯವಧಾನವಿರಲಿಲ್ಲ. ಎರಡು ಆಧಾರಗಳ ಗುಣವೆಂದು ಮೇಲೆ ಹೇಳಿದ್ದು ಇಲ್ಲಿ ಒದಗಿಬಂದಿತು.

ಲ್ಯಾಂಗ್‌ವರ್ದಿಯ ಪದಕವೇ ಆ ನಾಲ್ಕರಲ್ಲಿ ಮೊದಲನೆಯದು. ಎರಡನೆಯದು 2003ರಲ್ಲಿ ಇರಾಕಿನ ಅಲ್ ಫಾ ಪರ್ಯಾಯದ್ವೀಪದಲ್ಲಿ ನೌಕಾಸೈನಿಕರನ್ನು ಇಳಿಸಿದ ಸ್ಟೀವ್ ಕಾರ್ ಎಂಬವನಿಗೆ, ಮೂರನೆಯದು 2006ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂದಿನಲ್ಲಿ ಇರುಳು ಗಾಯಾಳುಗಳನ್ನು ಎತ್ತಿತಂದ ಕ್ರೇಗ್ ವಿಲ್ಸನ್ನನಿಗೆ ಬಂದವು. 2010ರಲ್ಲಿ ಅದೇ ಹೆಲ್ಮಂದಿನಲ್ಲಿ, ಗಾಯಾಳುಗಳನ್ನು ಹೇರಿಕೊಂಡು ಮೇಲೇರುತ್ತಿದ್ದಾಗ ಇಯಾನ್ ಫಾರ್ಚ್ಯೂನನ ಹೆಲ್ಮೆಟ್ಟಿನ ಮುಂಭಾಗಕ್ಕೆ ಗುಂಡು ತಗುಲಿ, ಮುಖದಲ್ಲಿ ರಕ್ತ ಸುರಿಯುತ್ತಿದ್ದರೂ, ಯಂತ್ರವನ್ನು ಸ್ಥಿರವಾಗಿಡುವ ಸ್ವಯಂಚಾಲಿತ ವ್ಯವಸ್ಥೆ ಕೆಟ್ಟಿದ್ದರೂ, ಅವನು ಎಲ್ಲರನ್ನೂ ಶಿಬಿರಕ್ಕೆ ತಲುಪಿಸಿದನು. ನಾಲ್ಕನೆಯ ಪದಕ ದೊರೆತದ್ದು ಇದಕ್ಕೆ.

ಈ ನಡುವೆ ಯಂತ್ರವೂ ಮೊದಲಿನದಾಗಿ ಉಳಿದಿರಲಿಲ್ಲ. ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಹಳೆಯ ಚಿನೂಕುಗಳನ್ನೆಲ್ಲ ಅಮೆರಿಕದ ಫಿಲಡೆಲ್ಫಿಯಾ ಬಳಿಯ ಬೋಯಿಂಗ್ ಕಾರ್ಖಾನೆಗೆ ಕಳುಹಿಸಿ ಬಹುಮಟ್ಟಿಗೆ ಪುನರ್ನಿರ್ಮಿಸಲಾಯಿತು. ಮುಂದೆ ಮುಳ್ಳುಗಳ ಮಾಪಕಗಳು ಹೋಗಿ ಹೊಳೆಯುವ ಪರದೆಗಳು ಬಂದವು. ಬದಲಾಗದೆ ನಿಂತದ್ದು ಎರಡು ರೋಟರು, ಒಂದು ದಂಡ ಎಂಬ ಮೂಲವಿನ್ಯಾಸ. ಅದೇ ವಿನ್ಯಾಸದ ಹೊಸ ಯಂತ್ರಗಳನ್ನು ಅಮೆರಿಕದಲ್ಲಿ ಇಂದಿಗೂ ಕಟ್ಟುತ್ತಿದ್ದಾರೆ. ಅಂತಹ 15 ಚಿನೂಕುಗಳನ್ನು ಕೊಂಡ ನಮ್ಮ ವಾಯುಸೇನೆಯು 2019ರ ಮಾರ್ಚಿನಲ್ಲಿ ಚಂಡೀಗಢದಲ್ಲಿ ಅವುಗಳಲ್ಲಿ ಮೊದಲ ಕೆಲವನ್ನು ಸೇವೆಗೆ ಸೇರಿಸಿಕೊಂಡಿತು. ಹಿಮಾಲಯದ ತೆಳುಗಾಳಿಯಲ್ಲಿ, ರಸ್ತೆಯಿಲ್ಲದ ನೆಲೆಗಳಿಗೆ ಎಂ777 ಫಿರಂಗಿಗಳನ್ನು ಹೊಟ್ಟೆಯಡಿಯ ಕೊಕ್ಕೆಯಿಂದ ತೂಗುಹಾಕಿಕೊಂಡು ಹೋಗುವುದು ಅವುಗಳಿಗೆ ವಹಿಸಿರುವ ಕೆಲಸಗಳಲ್ಲೊಂದು.